ಕಳಚಿಡುವ ಟೋಬಾರ್: ಎಸ್ಟೇಟ್ ಕಾರಿಗೆ ಯಾವುದು, ಕೂರಿಸುವುದು ಹೇಗೆ

ಟೋಬಾರ್ (ಟ್ರೇಲರ್ ಎಳೆಯಲು ಕಾರಿನ ಹಿಂಬದಿಗೆ ಕೂರಿಸುವ ಉಕ್ಕಿನ ಕಂಬಿ) ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ತೂಕ ಎಳೆಯುತ್ತದೆ?’ ಎಂದು. ಎಸ್ಟೇಟ್ ಕಾರಿನ, ಅಂದರೆ ಛಾವಣಿ ಹಿಂದಿನವರೆಗೂ ಚಾಚಿದ ಉದ್ದ ಡಿಕ್ಕಿಯ ಕಾರಿನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಎಳೆಯುವ ಮಿತಿಯನ್ನು ಕಾರು ಮಾಡಿದವರೇ ಗೊತ್ತುಪಡಿಸಿರುತ್ತಾರೆ. ಎಂಥ ದುಬಾರಿ ಟೋಬಾರ್ ತಂದು ಹಾಕಿದರೂ ಅದು ಒಂದು ಕಿಲೋ ಏರುವುದಿಲ್ಲ. ತಲೆ ಕೆಡಿಸಿಕೊಳ್ಳಬೇಕಾದ ವಿಷಯಗಳು ಬೇರೆ: ಬಾಲ್ (ಟ್ರೇಲರ್ ಸಿಕ್ಕಿಸುವ ಉಕ್ಕಿನ ಗುಂಡು) ಮೇಲೆ ಕೂರುವ ಭಾರ ಎಷ್ಟು, ಬಾಲ್ ಯಾವ ದಿಕ್ಕಿನಿಂದ ಒಳಗೆ ಹೋಗುತ್ತದೆ, ವೈರಿಂಗ್ ಕಿಟ್ ಯಾವುದು. ಹಾಕಿಸಿಕೊಂಡವರು ಆಮೇಲೆ ಗೊಣಗುವುದೆಲ್ಲ ಹೆಚ್ಚುಕಡಿಮೆ ಈ ಮೂರರ ಬಗ್ಗೆಯೇ.

ಇಲ್ಲಿ ಒರೆಗೆ ಹಚ್ಚಿರುವುದು ಕಳಚಿಡುವ ಟೋಬಾರನ್ನು, ಅದರಲ್ಲೂ ಬಂಪರಿನ ಅಡಿಯಿಂದ ನೇರ ಮೇಲಕ್ಕೆ ಸೇರಿಸುವ ಬಗೆಯನ್ನು. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ: ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಟ್ರೇಲರ್ ಅಥವಾ ಸೈಕಲ್ ಕ್ಯಾರಿಯರ್ ಹಾಕುವ ಮನೆಯವರಿಗೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಆದರೆ ಬಾಲನ್ನು ಒಮ್ಮೆ ಹಾಕಿ ವರ್ಷವಿಡೀ ಹಾಗೇ ಬಿಡುವ ಅಂದಾಜಿದ್ದರೆ ಇದಕ್ಕೆ ದುಡ್ಡು ಸುರಿಯಬೇಡಿ. ಕಾಯಂ ಬಾಲ್ ಕಡಿಮೆ ಬೆಲೆಗೆ ಬರುತ್ತದೆ, ಅದರಲ್ಲಿ ಸವೆಯುವ ಲಾಕಿಲ್ಲ, ಕಳೆಯುವ ಕೀ ಇಲ್ಲ. ಕಳಚುವ ಬಾಲನ್ನು ಕಳಚದೆ ಎರಡು ಮಳೆಗಾಲ ಬಿಟ್ಟರೆ ಅದು ತಾನಾಗಿಯೇ ಕಾಯಂ ಬಾಲ್ ಆಗಿಬಿಡುತ್ತದೆ, ಅದು ಬೇರೆ ಮಾತು.

ಕಾಯಂ ಬಾಲ್ ಬೇಡವೆನ್ನಲು ಕಾರಣಗಳೂ ಇವೆ. ಕತ್ತಲಲ್ಲಿ ಡಿಕ್ಕಿಯಿಂದ ಸಾಮಾನು ಇಳಿಸುವಾಗ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯುತ್ತದೆ. ಎಷ್ಟೋ ಕಾರುಗಳಲ್ಲಿ ರಿವರ್ಸ್ ಹಾಕಿದೊಡನೆ ಪಾರ್ಕಿಂಗ್ ಸೆನ್ಸರ್ ಬಾಲನ್ನೇ ಗೋಡೆ ಎಂದುಕೊಂಡು ಕೂಗುತ್ತದೆ. ನಂಬರ್ ಪ್ಲೇಟ್ ಬಂಪರಿನಲ್ಲೇ ಇರುವ ಎಸ್ಟೇಟುಗಳಲ್ಲಿ ಬಾಲ್ ಅಂಕಿಗಳಿಗೆ ಅಡ್ಡ ಬರುತ್ತದೆ. ಟೋಬಾರುಗಳಿಗೆ ಅನ್ವಯಿಸುವ ವಿಶ್ವಸಂಸ್ಥೆಯ 55ನೇ ನಿಯಮಾವಳಿಯ ಪ್ರಕಾರ, ಬಳಸದೆ ಇರುವಾಗ ಬಾಲ್ ನಂಬರ್ ಪ್ಲೇಟನ್ನೋ ಹಿಂದಿನ ಫಾಗ್ ಲೈಟನ್ನೋ ಮರೆಮಾಡುವುದಾದರೆ ಅದನ್ನು ಪಾನಾ ಹಿಡಿಯದೆ ಕಳಚುವಂತೆ ಅಥವಾ ಸರಿಸುವಂತೆ ಇರಬೇಕು. ಕೀ ಬಳಸಬಹುದು, ಆದರೆ ತಿರುಗಿಸಲು ಬೇಕಾದ ಬಲ 20 ನ್ಯೂಟನ್ ಮೀಟರ್ ಮೀರಬಾರದು. ಹೀಗಾಗಿ ಕೆಲವು ಮಾದರಿಗಳಿಗೆ ಕಳಚುವ ಬಗೆ ಆಯ್ಕೆಯೇ ಅಲ್ಲ, ಅನಿವಾರ್ಯ.

ಅಡ್ಡಲಾಗಿಯೋ, ಅಡಿಯಿಂದಲೋ

ಅಡ್ಡಲಾಗಿ ತೂರಿಸುವ ಬಗೆಯಲ್ಲಿ ರಿಸೀವರ್ ಕೊಳವೆ (ಬಾಲ್ ಹೊತ್ತ ಕತ್ತು ಹೋಗಿ ಕೂರುವ ಕೊಳವೆ) ಬಂಪರಿನ ಹಿಂಬದಿಗೆ ಬಾಯಿ ತೆರೆದಿರುತ್ತದೆ. ಎದುರಿಗೆ ಮಂಡಿಯೂರಿ ಕೂತರೆ ಎಲ್ಲ ಕಣ್ಣಿಗೆ ಕಾಣುತ್ತದೆ, ಕತ್ತನ್ನು ನೇರವಾಗಿ ಒಳಗೆ ತಳ್ಳಿದರೆ ಮುಗಿಯಿತು. ಕುಂದು ಎರಡು: ಬಾಲ್ ತೆಗೆದ ಮೇಲೂ ಕೊಳವೆಯ ಬಾಯಿ ಕಾಣುತ್ತಿರುತ್ತದೆ, ಮತ್ತು ಬಂಪರಿನಲ್ಲಿ ಕಣ್ಣಿಗೆ ಬೀಳುವಂತೆ ಒಂದು ಕಿಟಕಿ ಕತ್ತರಿಸಬೇಕಾಗುತ್ತದೆ.

ಅಡಿಯಿಂದ ಸೇರಿಸುವ ಬಗೆಯಲ್ಲಿ ರಿಸೀವರ್ ಬಂಪರಿನ ಹಿಂದೆ ಅಡಗಿರುತ್ತದೆ. ಬಾಲ್ ತೆಗೆದರೆ ಟೋಬಾರ್ ಇದೆ ಎಂಬ ಸುಳಿವೂ ಸಿಗುವುದಿಲ್ಲ. ವೆಸ್ಟ್‌ಫಾಲಿಯಾ, ಬ್ರಿಂಕ್‌ನಂಥ ಹಳೆಯ ಹೆಸರುಗಳು ಎರಡೂ ಬಗೆಗಳನ್ನು ಮಾಡುತ್ತವೆ. ಒಂದೇ ಕಾರಿಗೆ ಎರಡೂ ಸಿಗುವುದುಂಟು, ಆದ್ದರಿಂದ ಬಿಲ್ ಮಾಡಿಸುವ ಮುನ್ನ ಯಾವ ಬಗೆ ಎಂದು ಬಾಯಿಬಿಟ್ಟು ಕೇಳಬೇಕು. ಇದರ ಕಷ್ಟ ಇರುವುದು ಕೈಗೆ: ನಾಲ್ಕರಿಂದ ಆರು ಕಿಲೋ ತೂಗುವ ಉಕ್ಕಿನ ಕತ್ತನ್ನು ಕಾರಿನಡಿ ತೋಳು ಚಾಚಿ, ಅಂದಾಜಿನ ಮೇಲೆ, ಕೆಳಗಿನಿಂದ ಮೇಲಕ್ಕೆ ಎತ್ತಬೇಕು. ಮಳೆ ಬಿದ್ದ ನೆಲದಲ್ಲಿ ಕೈ ಕೆಸರಾಗುವುದು ಖಚಿತ, ಬಾಯಿ ಮೊಸರಾಗುವುದು ಟ್ರೇಲರ್ ಹೊರಟ ಮೇಲೆ. ಡಿಕ್ಕಿಯಲ್ಲಿ ಒಂದು ಹಳೆಯ ಚಾಪೆ, ಒಂದು ಜೊತೆ ರಬ್ಬರ್ ಕೈಗವಸು ಇಟ್ಟುಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ.

ಬೆನ್ನುನೋವು, ಮಂಡಿನೋವು ಇರುವವರಿಗೆ ಮೂರನೆಯದೊಂದಿದೆ: ಹಿಡಿ ಎಳೆದರೆ ಅಥವಾ ಡಿಕ್ಕಿಯೊಳಗಿನ ಬಟನ್ ಒತ್ತಿದರೆ ಬಂಪರಿನ ಅಡಿಯಿಂದ ತಾನಾಗಿ ಹೊರಬರುವ ಬಾಲ್. ಎತ್ತುವ ಕೆಲಸವಿಲ್ಲ, ಡಿಕ್ಕಿಯಲ್ಲಿ ಜಾಗ ಬೇಡ. ಆದರೆ ತೂಕ ಹೆಚ್ಚು, ಬೆಲೆ ಬಹಳ ಹೆಚ್ಚು, ಮೋಟರ್ ಇದ್ದರೆ ಕೆಡಲು ಇನ್ನೊಂದು ವಸ್ತು. ಕಾರನ್ನು ಹೊಸದಾಗಿ ಬುಕ್ ಮಾಡುವಾಗಲೇ ಕಂಪನಿಯಿಂದ ಹಾಕಿಸಿಕೊಳ್ಳುವುದಾದರೆ ಯೋಚಿಸಬಹುದು. ಆಮೇಲೆ ಹೊರಗಿನಿಂದ ಕೂರಿಸಲು ಇದು ಹೇಳಿದ್ದಲ್ಲ.

ಲಾಕ್ ಕೆಲಸ ಮಾಡುವ ರೀತಿ

ಎಲ್ಲ ದುಡ್ಡು ಇರುವುದು ಅಂಗೈಯಗಲದ ಈ ಜಾಗದಲ್ಲಿ, ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಕತ್ತಿನ ಒಳತುದಿಯಲ್ಲಿ ನಯವಾಗಿ ಕಡೆದ ದಪ್ಪ ಉಕ್ಕಿನ ಗೂಟ. ಹೆಚ್ಚು ಕಾಣುವ ವಿನ್ಯಾಸದಲ್ಲಿ ಗೂಟದ ಸುತ್ತ ಕೆಲವು ಗುಳಿಗಳು, ಪ್ರತಿ ಗುಳಿಯಲ್ಲೂ ಒಂದು ಗಟ್ಟಿ ಉಕ್ಕಿನ ಗೋಲಿ. ಪಕ್ಕದಲ್ಲಿರುವ ನಾಬನ್ನು ಹೊರಗೆಳೆದು ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಬಿಗಿಯಾಗಿ, ಗೋಲಿಗಳು ಒಳಕ್ಕೆ ಸರಿಯುತ್ತವೆ. ನಾಬ್ ಹಾಗೇ ನಿಲ್ಲುತ್ತದೆ. ಈಗ ಗೂಟವನ್ನು ರಿಸೀವರಿಗೆ ತಳ್ಳಿದರೆ, ಪೂರ್ತಿ ಒಳಗೆ ಹೋದ ಕ್ಷಣ ಟಕ್ಕೆಂದು ನಾಬ್ ವಾಪಸು ತಿರುಗುತ್ತದೆ, ಗೋಲಿಗಳು ಉಬ್ಬಿ ಕೊಳವೆಯ ಒಳಗಿನ ತೋಡಿನಲ್ಲಿ ಕೂರುತ್ತವೆ. ಗೋಲಿಗಳನ್ನು ಹಿಂದಿನಿಂದ ಒತ್ತುವ ಭಾಗ ಇಳಿಜಾರಾಗಿರುವುದರಿಂದ, ಸಣ್ಣಪುಟ್ಟ ಸವೆತವನ್ನು ಸ್ಪ್ರಿಂಗೇ ಮುಂದೆ ಒತ್ತಿ ತುಂಬಿಕೊಳ್ಳುತ್ತದೆ.

ಸರಿಯಾಗಿ ಕೂತಿದೆಯೇ ಎಂದು ಹೇಳುವ ಗುರುತುಗಳು ನಾಲ್ಕು, ನಾಲ್ಕನ್ನೂ ಪ್ರತಿ ಸಲ ನೋಡಬೇಕು. ನಾಬಿನ ಹಸಿರು ಗುರುತು ಕತ್ತಿನ ಗುರುತಿಗೆ ಎದುರಾಗಿರಬೇಕು, ಕೆಂಪು ಕಾಣಬಾರದು. ನಾಬ್ ಕತ್ತಿಗೆ ಅಂಟಿದಂತಿರಬೇಕು, ನಡುವೆ ಸಂದಿ ಇರಬಾರದು. ಕೀ ತಿರುಗಿ ಹೊರಗೆ ಬರಬೇಕು. ಲಾಕ್ ಆಗದೆ ಕೀ ಹೊರಬರದಂತೆ ಮಾಡಿರುತ್ತಾರೆ, ಆದ್ದರಿಂದ ಕೀ ಲಾಕಿನಲ್ಲೇ ಬಿಟ್ಟು ಹೊರಡುವುದೆಂದರೆ ಆ ಪರೀಕ್ಷೆಯನ್ನೇ ಬಿಟ್ಟಂತೆ. ಕೊನೆಗೆ ಬಾಲನ್ನು ಎರಡೂ ಕೈಯಿಂದ ಹಿಡಿದು ಕೆಳಕ್ಕೆ, ಪಕ್ಕಕ್ಕೆ ಜಗ್ಗಿ ನೋಡಬೇಕು. ಬಣ್ಣದ ಗುರುತು ಬೇರೆ ಬೇರೆ ತಯಾರಿಕೆಗಳಲ್ಲಿ ಬೇರೆ ಜಾಗದಲ್ಲಿರಬಹುದು, ಪುಸ್ತಿಕೆಯ ಆ ಒಂದು ಪುಟವನ್ನು ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ.

ಒಳಗೆ ಹೋಗದಿದ್ದರೆ ಸುತ್ತಿಗೆಯಿಂದ ಬಡಿಯುವವರಿದ್ದಾರೆ. ಬಡಿದರೆ ಗೂಟದ ಅಂಚು ಮಡಚಿಕೊಂಡು ಅದು ಮತ್ತೆಂದೂ ನೆಟ್ಟಗೆ ಕೂರುವುದಿಲ್ಲ. ಹತ್ತಕ್ಕೆ ಒಂಬತ್ತು ಸಲ ಕಾರಣ ರಿಸೀವರಿನೊಳಗಿನ ಮಣ್ಣು, ಇಲ್ಲವೇ ನಾಬ್ ಪೂರ್ತಿ ತಿರುಗದೆ ಗೋಲಿಗಳು ಅರ್ಧ ಹೊರಗಿರುವುದು.

ಲೆಕ್ಕಗಳು

ಟೋಬಾರಿನ ಮೇಲೆ ಅಂಟಿಸಿದ ಪ್ಲೇಟಿನಲ್ಲಿ ಎರಡು ಮೌಲ್ಯಗಳಿರುತ್ತವೆ: ‘ಡಿ’ ಮತ್ತು ‘ಎಸ್’. ‘ಡಿ’ ಎಂದರೆ ಕಾರು, ಟ್ರೇಲರ್ ನಡುವೆ ಅಡ್ಡಲಾಗಿ ಬೀಳುವ ಬಲ, ಕಿಲೋನ್ಯೂಟನ್‌ನಲ್ಲಿ. ಸೂತ್ರ ಸುಲಭ: ಕಾರಿನ ಗರಿಷ್ಠ ಒಟ್ಟು ತೂಕವನ್ನು ಟ್ರೇಲರಿನ ಗರಿಷ್ಠ ತೂಕದಿಂದ ಗುಣಿಸಿ, ಎರಡರ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಿ. ತೂಕಗಳು ಟನ್ನಿನಲ್ಲಿ. ಕಾರು 2.2 ಟನ್, ಟ್ರೇಲರ್ 1.8 ಟನ್ ಆದರೆ 9.7 ಕಿಲೋನ್ಯೂಟನ್ ಬರುತ್ತದೆ. ಅದೇ ಕಾರಿಗೆ 8.5 ಎಂದು ಬರೆದಿರುವ ಟೋಬಾರ್ ಹಾಕಿದರೆ, ಕಾರಿನ ಕಾಗದದಲ್ಲಿ 1.8 ಟನ್ ಎಂದಿದ್ದರೂ ಎಳೆಯಬಹುದಾದದ್ದು 1.43 ಟನ್ ಮಾತ್ರ. ಕಾರಿನ ಮಿತಿ, ಟೋಬಾರಿನ ಮಿತಿ, ಟ್ರೇಲರಿನ ಮಿತಿ, ಇವುಗಳಲ್ಲಿ ಚಿಕ್ಕದೇ ನಡೆಯುವುದು.

‘ಎಸ್’ ಎಂದರೆ ಬಾಲ್ ಮೇಲೆ ಕೆಳಮುಖವಾಗಿ ಕೂರಬಹುದಾದ ಭಾರ, ಕಿಲೋದಲ್ಲಿ. ಕುಟುಂಬದ ಎಸ್ಟೇಟುಗಳಲ್ಲಿ ಸಾಮಾನ್ಯವಾಗಿ 75ರಿಂದ 100 ಕಿಲೋ. ಜನ ಎಡವುವುದು ಇಲ್ಲೇ, ಅದೂ ಟ್ರೇಲರಿನಿಂದಲ್ಲ, ಸೈಕಲ್ ಕ್ಯಾರಿಯರಿನಿಂದ. ಕ್ಯಾರಿಯರ್ 18 ಕಿಲೋ, ತಲಾ 25 ಕಿಲೋದ ಎರಡು ಎಲೆಕ್ಟ್ರಿಕ್ ಸೈಕಲ್, ಒಟ್ಟು 68. ಮಿತಿ 75 ಇದ್ದರೆ ಉಳಿದದ್ದು ಏಳೇ ಕಿಲೋ. ನಾಲ್ಕು ಸೈಕಲಿನ ಕ್ಯಾರಿಯರ್ 22 ಕಿಲೋ, ತಲಾ 15 ಕಿಲೋದ ನಾಲ್ಕು ಸಾದಾ ಸೈಕಲ್: 82, ಅಂದರೆ ಮಿತಿ ಆಗಲೇ ದಾಟಿತು. ಬ್ಯಾಟರಿಗಳನ್ನು ಬಿಚ್ಚಿ ಕಾರಿನೊಳಗೆ ಇಟ್ಟರೆ ಒಂದಷ್ಟು ಕಿಲೋ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮ: ಟ್ರೇಲರಿನ ಭಾರ ಬಾಲ್ ಮೇಲೆ ನೇರ ಕೂರುತ್ತದೆ, ಕ್ಯಾರಿಯರಿನದು ಬಾಲಿನಿಂದ ಹಿಂದಕ್ಕೆ ಚಾಚಿಕೊಂಡು ಕತ್ತನ್ನು ತಿರುಚುತ್ತದೆ. 68 ಕಿಲೋ 35 ಸೆಂಟಿಮೀಟರ್ ಹಿಂದೆ ತೂಗಿದರೆ ಸುಮಾರು 230 ನ್ಯೂಟನ್ ಮೀಟರ್ ತಿರುಚು ಬಲ, ಅದೂ ಗುಂಡಿ ಬಿದ್ದ ರಸ್ತೆಯಲ್ಲಿ ಸಾವಿರಾರು ಸಲ. ಆದ್ದರಿಂದ ‘ಎಸ್’ ಸಾಕಷ್ಟಿದೆ ಎಂದಷ್ಟೇ ನೋಡದೆ, ಕ್ಯಾರಿಯರ್ ಹಾಕಲು ಅನುಮತಿ ಇದೆ ಎಂದು ಟೋಬಾರಿನ ಪುಸ್ತಿಕೆಯಲ್ಲಿ ಸ್ಪಷ್ಟವಾಗಿ ಬರೆದಿದೆಯೇ ಓದಿ.

ಎಸ್ಟೇಟಿಗೆ ಮೀಸಲಾದ ಲೆಕ್ಕ ಇನ್ನೊಂದಿದೆ. ಹಿಂದಿನ ಚಕ್ರದಿಂದ ಆಚೆ ಬಾಡಿ ಉದ್ದ ಚಾಚಿರುವುದರಿಂದ ಬಾಲ್ ಮೇಲಿನ ಭಾರ ಸನ್ನೆಕೋಲಿನಂತೆ ಕೆಲಸ ಮಾಡುತ್ತದೆ. ಮುಂದಿನ, ಹಿಂದಿನ ಚಕ್ರಗಳ ನಡುವೆ 2.8 ಮೀಟರ್, ಹಿಂದಿನ ಆಕ್ಸಲಿನಿಂದ ಬಾಲಿಗೆ 1.1 ಮೀಟರ್ ಎಂದಿಟ್ಟುಕೊಳ್ಳಿ. ಬಾಲ್ ಮೇಲೆ 75 ಕಿಲೋ ಇಟ್ಟರೆ ಹಿಂದಿನ ಆಕ್ಸಲಿಗೆ ಬೀಳುವುದು 104 ಕಿಲೋ. ಮುಂದಿನ ಚಕ್ರಗಳು 29 ಕಿಲೋ ಹಗುರಾಗುತ್ತವೆ. ಹಿಂದಿನ ಸೀಟಿನಲ್ಲಿ ಮೂವರು, ಛಾವಣಿವರೆಗೆ ತುಂಬಿದ ಡಿಕ್ಕಿ, ಮೇಲೆ ಟೋಬಾರಿನದೇ 20–30 ಕಿಲೋ, ಇವೆಲ್ಲ ಸೇರಿದರೆ ಕಾರಿನ ಒಟ್ಟು ತೂಕ ಮಿತಿಯೊಳಗಿದ್ದೂ ಹಿಂದಿನ ಆಕ್ಸಲ್ ಮಿತಿ ಮೀರಿರುತ್ತದೆ. ಸ್ಟೇರಿಂಗ್ ಹಗುರಾಯಿತು, ಎದುರಿಗೆ ಬರುವವರು ಹೆಡ್‌ಲೈಟ್ ಮಿಣುಕಿಸಿ ಬೈಯುತ್ತಿದ್ದಾರೆ ಎಂದರೆ ಮೂಗು ಮೇಲೆದ್ದಿದೆ ಎಂದೇ ಅರ್ಥ. ಒಮ್ಮೆಯಾದರೂ ಪೂರ್ತಿ ಸಾಮಾನು ತುಂಬಿ, ವೇಬ್ರಿಡ್ಜಿನ ಮೇಲೆ ಹಿಂದಿನ ಚಕ್ರಗಳನ್ನಷ್ಟೇ ನಿಲ್ಲಿಸಿ ತೂಗಿಸಿ ನೋಡಿ.

ಬಾಲ್ ಮೇಲೆ ಬೀಳುವ ಟ್ರೇಲರಿನ ಭಾರ ತಿಳಿಯಲು ವಿಶೇಷ ಉಪಕರಣ ಬೇಡ. ಸ್ನಾನದ ಮನೆಯ ತೂಕದ ಯಂತ್ರ, ಅದರ ಮೇಲೆ ನಿಲ್ಲಿಸಿದ ಒಂದು ಮರದ ತುಂಡು, ಅದರ ಮೇಲೆ ಟ್ರೇಲರಿನ ಕಪ್ಲಿಂಗ್ (ಬಾಲನ್ನು ಹಿಡಿಯುವ ಮೂತಿ). ಟ್ರೇಲರ್ ಸಮಮಟ್ಟದಲ್ಲಿರಬೇಕು, ಎತ್ತರ ಬಾಲಿನಷ್ಟೇ ಇರಬೇಕು. ಮಿತಿಗೆ ಸ್ವಲ್ಪ ಕೆಳಗೆ ಬಂದರೆ ಚೆನ್ನ. ತೀರಾ ಕಡಿಮೆಯಾದರೆ ಟ್ರೇಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ.

ಎತ್ತರದ ನಿಯಮವೂ ಇದೆ: ಕಾರು ತುಂಬಿದ ಸ್ಥಿತಿಯಲ್ಲಿ 50 ಮಿಲಿಮೀಟರ್ ಬಾಲಿನ ನಡುಬಿಂದು ನೆಲದಿಂದ 350ರಿಂದ 420 ಮಿಲಿಮೀಟರ್ ಒಳಗಿರಬೇಕು. ಆಯಾ ಕಾರಿಗೆಂದೇ ಮಾಡಿದ ಟೋಬಾರಿನಲ್ಲಿ ಇದು ತಾನಾಗಿ ಸರಿಬರುತ್ತದೆ. ಸ್ಪ್ರಿಂಗ್ ತಗ್ಗಿಸಿದ ಕಾರುಗಳಲ್ಲಿ ಬರುವುದಿಲ್ಲ.

ವೈರಿಂಗ್ ಕಿಟ್

ಟೋಬಾರಿಗೆ ಕೈತುಂಬ ಖರ್ಚು ಮಾಡಿ ವೈರಿಂಗ್ ಕಿಟ್ಟಿನಲ್ಲಿ ಉಳಿಸಲು ಹೋಗುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದ ಹಾಗೆ. ಈಗಿನ ಕಾರುಗಳು ಬಲ್ಬಿಗೆ ಕರೆಂಟನ್ನು ತುಂಡುತುಂಡಾಗಿ ಕೊಡುತ್ತವೆ, ಬಲ್ಬ್ ಸುಟ್ಟಿದೆಯೇ ಎಂದು ಆಗಾಗ ತಟ್ಟಿ ನೋಡುತ್ತವೆ. ಟೇಲ್ ಲೈಟಿನ ವೈರಿಗೆ ನೇರ ಕೊಂಡಿ ಹಾಕಿದರೆ ಡ್ಯಾಶ್‌ಬೋರ್ಡಿನಲ್ಲಿ ತಪ್ಪು ಎಚ್ಚರಿಕೆ ಬರುತ್ತದೆ, ಟ್ರೇಲರಿನ ಎಲ್‌ಇಡಿ ಮಿಣುಕುತ್ತದೆ, ಗ್ರಹಚಾರ ಕೆಟ್ಟರೆ ಕಾರಿನ ಬಾಡಿ ಕಂಟ್ರೋಲ್ ಯೂನಿಟ್ಟೇ ಸುಡುತ್ತದೆ. ಸಾರ್ವತ್ರಿಕ ಕಿಟ್‌ಗಳು ಬೈಪಾಸ್ ರಿಲೇ ಇಟ್ಟು ಈ ಅಪಾಯ ತಪ್ಪಿಸುತ್ತವೆ: ಕಾರಿನ ವೈರಿನಿಂದ ಸೂಚನೆ ಮಾತ್ರ, ಕರೆಂಟು ಬ್ಯಾಟರಿಯಿಂದ ನೇರ. ಲೈಟ್ ಉರಿಯುತ್ತದೆ, ಅಷ್ಟೇ.

ಆಯಾ ಮಾದರಿಗೆಂದೇ ಮಾಡಿದ ಕಿಟ್ ಕಾರಿನ ಡೇಟಾ ಜಾಲಕ್ಕೆ ಸೇರಿಕೊಂಡು ‘ಟ್ರೇಲರ್ ಇದೆ’ ಎಂದು ಉಳಿದ ಯೂನಿಟ್‌ಗಳಿಗೆ ತಿಳಿಸುತ್ತದೆ. ಆಗ ಹಿಂದಿನ ಪಾರ್ಕಿಂಗ್ ಸೆನ್ಸರ್ ಸುಮ್ಮನಾಗುತ್ತದೆ. ಕಾರಿನ ಫಾಗ್ ಲೈಟ್ ಆರಿ ಟ್ರೇಲರಿನದು ಉರಿಯುತ್ತದೆ, ಇಲ್ಲದಿದ್ದರೆ ಆ ಕೆಂಪು ಬೆಳಕು ಟ್ರೇಲರಿನ ಮುಖಕ್ಕೆ ಬಡಿದು ಕನ್ನಡಿಯಲ್ಲಿ ಕಣ್ಣು ಕುಕ್ಕುತ್ತದೆ. ಟ್ರೇಲರ್ ಓಲಾಡಲು ಶುರುವಾದರೆ ಚಕ್ರಗಳನ್ನು ಒಂದೊಂದಾಗಿ ಬ್ರೇಕ್ ಹಿಡಿದು ಸ್ಥಿರಗೊಳಿಸುವ ವ್ಯವಸ್ಥೆ ಎಚ್ಚರವಾಗುತ್ತದೆ. ಈ ಕೊನೆಯದೊಂದಕ್ಕೇ ಹೆಚ್ಚಿನ ದುಡ್ಡು ಕೊಡಬಹುದು. ಆದರೆ ಕಿಟ್ ಹಾಕಿದ ಮಾತ್ರಕ್ಕೆ ಇವೆಲ್ಲ ಬರುವುದಿಲ್ಲ. ಹಲವು ಕಾರುಗಳಲ್ಲಿ ಕಂಪ್ಯೂಟರ್ ಹಚ್ಚಿ ಕೋಡಿಂಗ್ ಮಾಡಬೇಕು. ಕೋಡಿಂಗ್ ಬಿಟ್ಟುಹೋಗಿದ್ದರೆ ಲೈಟ್ ಎಲ್ಲ ಉರಿದು ಕೆಲಸ ಮುಗಿದಂತೆ ಕಾಣುತ್ತದೆ. ಪರೀಕ್ಷೆ ಸುಲಭ: ಟ್ರೇಲರ್ ಪ್ಲಗ್ ಹಾಕಿ, ರಿವರ್ಸ್ ಗೇರಿಗೆ ಬನ್ನಿ. ಹಿಂದಿನ ಸೆನ್ಸರ್ ಕೂಗಿದರೆ ಕೋಡಿಂಗ್ ಆಗಿಲ್ಲ.

ಸಾಕೆಟ್ 13 ಪಿನ್ನಿನದೇ ಇರಲಿ. 7 ಪಿನ್ನಿನಲ್ಲಿ ರಿವರ್ಸ್ ಲೈಟ್ ಇಲ್ಲ, ಬ್ಯಾಟರಿ ಲೈನ್ ಇಲ್ಲ. ಹಳೆಯ ಟ್ರೇಲರಿಗೆ ಬೇಕಾದರೆ ಅಡಾಪ್ಟರ್ ಸಾಕು. ಪಿನ್‌ಗಳ ಕ್ರಮ ಹೀಗೆ: 1 ಎಡ ಇಂಡಿಕೇಟರ್, 2 ಫಾಗ್ ಲೈಟ್, 3 ಅರ್ಥ್, 4 ಬಲ ಇಂಡಿಕೇಟರ್, 5 ಬಲ ಟೇಲ್ ಲೈಟ್, 6 ಬ್ರೇಕ್ ಲೈಟ್, 7 ಎಡ ಟೇಲ್ ಲೈಟ್, 8 ರಿವರ್ಸ್, 9 ಸದಾ ಇರುವ ಪ್ಲಸ್, 10 ಇಗ್ನಿಷನ್ ಹಾಕಿದಾಗ ಬರುವ ಪ್ಲಸ್, 11 ಹತ್ತನೆಯದರ ಅರ್ಥ್, 13 ಒಂಬತ್ತನೆಯದರ ಅರ್ಥ್. 12 ಸಾಮಾನ್ಯವಾಗಿ ಖಾಲಿ. ಮೊದಲ ಏಳು ವೈರ್‌ಗಳ ಬಣ್ಣ ಕ್ರಮವಾಗಿ ಹಳದಿ, ನೀಲಿ, ಬಿಳಿ, ಹಸಿರು, ಕಂದು, ಕೆಂಪು, ಕಪ್ಪು. ಟ್ರೇಲರ್ ಕಡೆಯಲ್ಲಿ 3, 11, 13ನ್ನು ಒಂದೇ ಗಂಟು ಕಟ್ಟಬಾರದು. ಅವುಗಳನ್ನು ಬೇರೆ ಇಟ್ಟಿರುವುದಕ್ಕೆ ಕಾರಣವಿದೆ.

ಎಡ ಇಂಡಿಕೇಟರ್ ಹಾಕಿದರೆ ಟ್ರೇಲರಿನ ಟೇಲ್ ಲೈಟೂ ತಾಳಕ್ಕೆ ತಕ್ಕಂತೆ ಮಿಣುಕುತ್ತಿದೆಯೇ? ಬಲ್ಬ್, ಇಂಡಿಕೇಟರ್ ರಿಲೇ ಎಂದು ಒಂದೊಂದೇ ಬದಲಾಯಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಕೆಟ್ಟಿರುವುದು 3ನೇ ಪಿನ್ನಿನ ಅರ್ಥ್. ವಾಪಸು ಹೋಗುವ ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮೂಲಕ ನುಸುಳುತ್ತಿರುತ್ತದೆ. ಪಿನ್ನಿನ ಹಸಿರು ಕಿಲುಬು ಕೆರೆದು, ಅರ್ಥ್ ಬೋಲ್ಟಿನಡಿಯ ಪೇಂಟ್ ತೆಗೆದರೆ ಸರಿಹೋಗುತ್ತದೆ.

ಕ್ಯಾರವಾನಿನ ಫ್ರಿಜ್ ಓಡಿಸುವವರು ವೈರಿನ ದಪ್ಪವನ್ನೂ ಕೇಳಬೇಕು. 150 ವಾಟಿನ ಫ್ರಿಜ್ ಹನ್ನೆರಡೂವರೆ ಆಂಪಿಯರ್ ಎಳೆಯುತ್ತದೆ. ಬ್ಯಾಟರಿಯಿಂದ ಸಾಕೆಟ್ಟಿಗೆ ಆರು ಮೀಟರ್ ಎಂದರೆ, ಹೋಗಿ ಬರುವ ಹನ್ನೆರಡು ಮೀಟರಿನಲ್ಲಿ 2.5 ಚದರ ಮಿಲಿಮೀಟರಿನ ತಾಮ್ರದ ವೈರ್ ಸುಮಾರು ಒಂದು ವೋಲ್ಟ್ ನುಂಗುತ್ತದೆ; 1.5ರ ವೈರಾದರೆ ಒಂದೂಮುಕ್ಕಾಲು. ಫ್ರಿಜ್ ತಣ್ಣಗಾಗದೆ ಹಾಲು ಒಡೆಯುವುದು ಹೀಗೆ.

ಸಾಕೆಟ್ ಮೇಲಕ್ಕೆ ಮಡಚುವ ತಟ್ಟೆಯ ಮೇಲಿರಲಿ. ಬಾಲ್ ಕಳಚಿ ಎಲ್ಲ ಮರೆಮಾಡಿ, ಬಂಪರಿನಡಿ ಕಪ್ಪು ಸಾಕೆಟ್ ನೇತಾಡುತ್ತಿದ್ದರೆ ಅಡಿಯಿಂದ ಸೇರಿಸುವ ಬಗೆಗೆ ಕೊಟ್ಟ ಹೆಚ್ಚಿನ ಹಣ ದಂಡ.

ಕೂರಿಸುವ ಕೆಲಸ

ಪಳಗಿದ ಮೆಕ್ಯಾನಿಕ್‌ಗೆ ಅರ್ಧ ದಿನ. ಮೊದಲ ಸಲ ಮಾಡುವ ಇಬ್ಬರಿಗೆ ಪೂರ್ತಿ ಒಂದು ದಿನ. ಒಬ್ಬರೇ ಮಾಡಬೇಡಿ, ಬಂಪರ್ ಕಳಚುವಾಗ ಎರಡೂ ತುದಿ ಹಿಡಿಯಲು ಜನ ಬೇಕು. ಬೇಕಾದ ಸಲಕರಣೆ: ಟಿ20, ಟಿ25, ಟಿ30 ಟಾರ್ಕ್ಸ್ ಬಿಟ್, 10ರಿಂದ 19 ಮಿಲಿಮೀಟರ್ ಸಾಕೆಟ್ ಸೆಟ್, ಟಾರ್ಕ್ ರೆಂಚ್ (ಬಿಗಿತ ಅಳೆದು ತಿರುಗಿಸುವ ಪಾನಾ), ಕ್ಲಿಪ್ ಎಬ್ಬಿಸುವ ಪ್ಲಾಸ್ಟಿಕ್ ಪಟ್ಟಿ, ಸಣ್ಣ ಹಲ್ಲಿನ ಗರಗಸ, ಅರ, ಮಲ್ಟಿಮೀಟರ್, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸಲು ಕಂಬಳಿ, ತುಕ್ಕು ತಡೆಯುವ ಪ್ರೈಮರ್ ಮತ್ತು ಮೇಣದ ಸ್ಪ್ರೇ.

ಕೆಲಸ ಶುರುಮಾಡುವ ಮುನ್ನ ಪೆಟ್ಟಿಗೆಯಲ್ಲಿರುವುದನ್ನೆಲ್ಲ ಹೊರಗೆ ಹರಡಿ, ಜೊತೆಗೆ ಬಂದ ಕೂರಿಸುವ ಹಾಳೆಯ ಪಟ್ಟಿಗೆ ತಾಳೆ ನೋಡಿ. ಒಂದೇ ಹೆಸರಿನ ಕಾರಿನ ಹ್ಯಾಚ್‌ಬ್ಯಾಕಿಗೂ ಎಸ್ಟೇಟಿಗೂ ಪಕ್ಕದ ಬ್ರಾಕೆಟ್ ಬೇರೆ ಇರುವುದುಂಟು. ಕಾಲು ಬೀಸಿದರೆ ಡಿಕ್ಕಿ ತೆರೆಯುವ ಸೆನ್ಸರ್ ಇರುವ ಕಾರಿಗೆ ಅದಕ್ಕೆ ಹೊಂದುವ ಬಗೆಯೇ ಬಂದಿದೆಯೇ ಎಂದೂ ಈಗಲೇ ಖಚಿತಪಡಿಸಿಕೊಳ್ಳಿ. ಬಂಪರ್ ಕೊಯ್ದ ಮೇಲೆ ವಾಪಸು ಮಾಡಲಾಗದು.

ಬ್ಯಾಟರಿಯ ಮೈನಸ್ ಬಿಚ್ಚಿ. ಟೇಲ್ ಲೈಟ್‌ಗಳನ್ನು ತೆಗೆದರೆ ಅವುಗಳ ಹಿಂದೆ ಬಂಪರಿನ ಮೇಲಂಚಿನ ಸ್ಕ್ರೂಗಳು ಕಾಣುತ್ತವೆ. ಉಳಿದವು ಚಕ್ರದ ಗೂಡಿನ ಅಂಚಿನಲ್ಲಿ, ಬಂಪರಿನ ಕೆಳ ಅಂಚಿನಲ್ಲಿ. ಮೂಲೆಗಳಲ್ಲಿ ಹೊರಕ್ಕೆ ಎಳೆದಾಗ ಕ್ಲಿಪ್‌ಗಳು ಒಂದೊಂದಾಗಿ ಬಿಡುತ್ತವೆ. ಬಂಪರ್ ಒಂದು ಗೇಣು ಹಿಂದೆ ಬಂದೊಡನೆ ನಿಲ್ಲಿ, ಸೆನ್ಸರಿನ ಪ್ಲಗ್ ಇನ್ನೂ ಸಿಕ್ಕಿರುತ್ತದೆ. ಅದನ್ನು ಬಿಡಿಸದೆ ಎಳೆದರೆ ವೈರ್ ಕಿತ್ತು ಬರುತ್ತದೆ.

ಒಳಗೆ ಕಾಣುವ ಅಡ್ಡಪಟ್ಟಿ ಹಿಂದಿನಿಂದ ಗುದ್ದಿದಾಗ ಹೊಡೆತ ತಾಳಲು ಇರುವಂಥದ್ದು. ಬಹಳಷ್ಟು ಕಾರುಗಳಲ್ಲಿ ಟೋಬಾರಿನ ಅಡ್ಡಕಂಬಿ ಅದೇ ಜಾಗಕ್ಕೆ ಬರುವುದರಿಂದ ಇದನ್ನು ತೆಗೆದುಬಿಡಬೇಕು. ಗುಜರಿಗೆ ಹಾಕಬೇಡಿ, ಮುಂದೆ ಟೋಬಾರ್ ತೆಗೆದರೆ ಅದೇ ಬೇಕು. ಸೈಲೆನ್ಸರ್ ಅಡ್ಡ ಬಂದರೆ ಅದನ್ನು ತೂಗಿಸಿರುವ ರಬ್ಬರ್ ಬಳೆಗಳಿಗೆ ಸೋಪಿನ ನೀರು ಹಚ್ಚಿ ಜಾರಿಸಿ ಕೆಳಗಿಳಿಸಿ. ಸೈಲೆನ್ಸರಿನಡಿ ಆಧಾರ ಕೊಡಲು ಮರೆಯಬೇಡಿ.

ಈಗ ಮುಖ್ಯವಾದದ್ದು. ಬ್ರಾಕೆಟ್ ಕೂರುವ ಜಾಗದಲ್ಲಿ ಚಾಸಿಸ್ಸಿಗೆ ಬಳಿದ ಮೆತ್ತನೆಯ ಕಪ್ಪು ಲೇಪ ಇದ್ದರೆ ಪೂರ್ತಿ ಕೆರೆಯಬೇಕು. ಸೋಮಾರಿತನಕ್ಕೆ ಹಾಗೇ ಬಿಟ್ಟರೆ ಬೋಲ್ಟ್ ಬಿಗಿದಾಗ ಬಿಗಿಯಾದಂತೆ ಕಾಣುತ್ತದೆ, ಆದರೆ ಲೇಪ ದಿನಕಳೆದಂತೆ ಹಿಂಡಿಕೊಂಡು ತೆಳುವಾಗುತ್ತದೆ, ಬೋಲ್ಟಿನ ಬಿಗಿ ಹೋಗುತ್ತದೆ, ಲೋಹಕ್ಕೆ ಲೋಹ ಉಜ್ಜಿ ತೂತು ಅಗಲವಾಗುತ್ತದೆ. ಹಾಳೆಯಲ್ಲಿ ಹೇಳಿದ್ದಷ್ಟೇ ತೂತು ಕೊರೆದು, ಕೊರೆದ ಅಂಚಿಗೆ ಪ್ರೈಮರ್ ಹಚ್ಚಿ ಒಣಗಲು ಬಿಡಿ.

ಅಡ್ಡಕಂಬಿಯನ್ನು ಎತ್ತಿ ಹಿಡಿದು ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ನಾಲ್ಕೈದು ಸುತ್ತು ಹಾಕಿ. ಚಾಸಿಸ್ಸಿನೊಳಗೆ ಬೆಸೆದ ನಟ್ಟಿನ ಮರೆಯ (ಸುರುಳಿ ಗೆರೆಯ) ಅಂತರ 1.25 ಮಿಲಿಮೀಟರ್ ಆಗಿದ್ದು, ಕೈಗೆ ಸಿಕ್ಕ ಬೋಲ್ಟ್ 1.75ರದಾಗಿದ್ದರೆ ಎರಡನೇ ಸುತ್ತಿಗೇ ಹಿಡಿಯುತ್ತದೆ. ಅಲ್ಲಿ ರೆಂಚ್ ಹಾಕಿ ತಿರುಗಿಸಿದರೆ ನಟ್ಟು ಹಾಳು, ಚಾಸಿಸ್ ಕೊಯ್ಯದೆ ಅದನ್ನು ಬದಲಾಯಿಸಲಾಗದು. ಎಲ್ಲ ಸಡಿಲವಾಗಿ ಕೂತ ಮೇಲೆ ಎರಡೂ ಬದಿ ಟೇಪಿನಿಂದ ಅಳೆದು ಕಂಬಿಯನ್ನು ನಡುವಿಗೆ ತಂದು, ಹಾಳೆಯ ಕ್ರಮದಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಅಂದಾಜಿಗೆ: 8.8 ದರ್ಜೆಯ ಎಂ10 ಬೋಲ್ಟಿಗೆ 50 ನ್ಯೂಟನ್ ಮೀಟರ್ ಆಸುಪಾಸು, ಎಂ12ಕ್ಕೆ 80–85, 10.9 ದರ್ಜೆಯ ಎಂ12ಕ್ಕೆ ಇನ್ನೂ ಹೆಚ್ಚು. ಹಾಳೆಯ ಅಂಕಿ ಬೇರೆ ಇದ್ದರೆ ಹಾಳೆಯದೇ ಅಂತಿಮ.

ವೈರ್ ಒಳಗೊಯ್ಯುವ ತೂತಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚು ಮುಚ್ಚುವ ಬಳೆ) ಕಡ್ಡಾಯ, ಮತ್ತು ತೂತಿಗೆ ಬರುವ ಮುನ್ನ ವೈರ್ ಒಂದು ಸುತ್ತು ಕೆಳಗಿಳಿದು ಮೇಲೇರಬೇಕು. ಹಾಗಿದ್ದರೆ ನೀರು ವೈರಿನ ಗುಂಟ ಹರಿದು ಕೆಳತುದಿಯಲ್ಲೇ ತೊಟ್ಟಿಕ್ಕುತ್ತದೆ. ಇಲ್ಲದಿದ್ದರೆ ಸ್ಟೆಪ್ನಿ ಗುಂಡಿಯಲ್ಲಿ ನೀರು ನಿಂತು, ಆರು ತಿಂಗಳ ನಂತರ ಕಾರಿನಲ್ಲಿ ಬೂಷ್ಟು ವಾಸನೆ ಏಕೆ ಎಂದು ಹುಡುಕುತ್ತಾ ಕೂರಬೇಕು.

ಬಂಪರ್ ಕೊಯ್ಯುವ ಅಳತೆ ಕಾಗದವನ್ನು ನಡುಗೆರೆಗೆ ಸರಿಯಾಗಿ, ಒಳಮೈಗೆ ಅಂಟಿಸಿ. ಹೊರಗಿನ ಪೇಂಟಿನ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ಒಳಗಿನಿಂದ ಕೊಯ್ಯಿರಿ. ಗೆರೆಗಿಂತ ಐದು ಮಿಲಿಮೀಟರ್ ಕಡಿಮೆ ಕೊಯ್ದು, ಕೂರಿಸಿ ನೋಡಿ, ಉಳಿದದ್ದನ್ನು ಅರದಿಂದ ಉಜ್ಜಿ. ಕಾಲಿನ ಸೆನ್ಸರ್ ಬಂಪರಿನ ಒಳಮೈಯಲ್ಲಿ ತೆಳುವಾದ ಪಟ್ಟಿಯಂತೆ ಹಾದಿರುತ್ತದೆ, ಅದನ್ನು ಕೊಯ್ದರೆ ಡಿಕ್ಕಿ ಕಾಲಿಗೆ ಮಣಿಯುವುದಿಲ್ಲ.

ಆಮೇಲಿನ ಆರೈಕೆ

ಸುಮಾರು 1,000 ಕಿಲೋಮೀಟರ್ ಎಳೆದ ಮೇಲೆ ಎಲ್ಲ ಬೋಲ್ಟನ್ನೂ ಮತ್ತೊಮ್ಮೆ ಟಾರ್ಕ್ ರೆಂಚಿನಿಂದ ಪರೀಕ್ಷಿಸಬೇಕು. ಹಾಕಿಕೊಟ್ಟವರೇ ಇದನ್ನು ಮಾಡಿಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳಿ.

ಬಾಲ್ ತೆಗೆದೊಡನೆ ರಿಸೀವರಿನ ಮುಚ್ಚಳ ಹಾಕಿ. ಇಡೀ ಟೋಬಾರಿನಲ್ಲಿ ಕಡಿಮೆ ಬೆಲೆಯ ಭಾಗ ಅದು, ಕಳೆದುಹೋದರೆ ಹೆಚ್ಚು ಹಾನಿ ಮಾಡುವುದೂ ಅದೇ. ಗೂಟ, ಗೋಲಿಗಳಿಗೆ ದಪ್ಪ ಗ್ರೀಸ್ ಮೆತ್ತಬೇಡಿ. ಗ್ರೀಸಿಗೆ ಮರಳು ಹಿಡಿದು ಉಪ್ಪುಕಾಗದದಂತೆ ಉಜ್ಜುತ್ತದೆ. ಬಟ್ಟೆಯಿಂದ ಒರೆಸಿ, ತೆಳು ಎಣ್ಣೆಯ ಒಂದೆರಡು ಹನಿ ಸಾಕು. ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರನ್ನು ನೇರ ನಾಬಿನ ಮೇಲೆ ಬಿಡಬಾರದು. ಬಾಲ್ ಮೇಲೆ ಗ್ರೀಸ್ ಹಚ್ಚುವುದು ಸಾದಾ ಕಪ್ಲಿಂಗಿಗೆ ಸರಿ. ಆದರೆ ಟ್ರೇಲರಿನಲ್ಲಿ ಆಲ್ಕೋ ಮಾದರಿಯ, ಬಾಲಿಗೆ ಉಜ್ಜುವ ಪ್ಯಾಡಿನಿಂದ ಓಲಾಟ ತಡೆಯುವ ಸ್ಟೆಬಿಲೈಸರ್ ಇದ್ದರೆ ಬಾಲ್ ಒಣಗಿರಬೇಕು, ಹೊಸ ಬಾಲಿನ ಪೇಂಟನ್ನೂ ಉಪ್ಪುಕಾಗದದಿಂದ ತೆಗೆಯಬೇಕು. ಬಾಲಿನ ವ್ಯಾಸ 49 ಮಿಲಿಮೀಟರಿಗೆ ಇಳಿದರೆ ಅದರ ಆಯುಸ್ಸು ಮುಗಿಯಿತು. ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡು ಮೂರು ಕಡೆ ಅಳೆಯಿರಿ, ಸವೆತ ಎಲ್ಲ ಕಡೆ ಒಂದೇ ಇರುವುದಿಲ್ಲ.

ಟ್ರೇಲರ್ ಕಳಚಿಹೋದರೆ ಬ್ರೇಕ್ ಹಿಡಿಸುವ ತಂತಿಯನ್ನು ಕಳಚುವ ಕತ್ತಿನ ಸುತ್ತ ಸುತ್ತುವುದು ದೊಡ್ಡ ತಪ್ಪು. ಕತ್ತೇ ಕಳಚಿಬಂದರೆ ತಂತಿಯೂ ಅದರ ಜೊತೆ ಬರುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಕಾರಿಗೆ ಭದ್ರವಾಗಿರುವ ಭಾಗದಲ್ಲಿ ಇದಕ್ಕೆಂದೇ ಒಂದು ಬಳೆ ಇರುತ್ತದೆ, ಅಲ್ಲಿಗೇ ಹಾಕಬೇಕು. ಬಳೆ ಇಲ್ಲದ ಟೋಬಾರನ್ನು ಕೊಳ್ಳಬೇಡಿ.

ಕಳಚಿದ ಕತ್ತು ಡಿಕ್ಕಿಯಲ್ಲಿ ಸಡಿಲವಾಗಿ ಉರುಳಾಡಬಾರದು. ಎಸ್ಟೇಟಿನಲ್ಲಿ ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಗೋಡೆಯಿಲ್ಲ, ಜೋರಾಗಿ ಬ್ರೇಕ್ ಹಾಕಿದರೆ ಐದು ಕಿಲೋ ಉಕ್ಕು ಮಕ್ಕಳ ತಲೆಯತ್ತ ಹಾರುತ್ತದೆ. ಸ್ಟೆಪ್ನಿ ಗುಂಡಿಯಲ್ಲಿ ಪಟ್ಟಿ ಬಿಗಿದು ಇಡಿ. ಲಾಕಿನ ಮೇಲೆ ಕೀ ನಂಬರ್ ಕೊರೆದಿರುತ್ತದೆ, ಅದನ್ನು ಬೇರೆ ಕಡೆ ಬರೆದಿಡಿ. ನಂಬರ್ ಇದ್ದರೆ ಹೊಸ ಕೀ ತರಿಸಬಹುದು, ಇಲ್ಲದಿದ್ದರೆ ಲಾಕ್ ಒಡೆಯಬೇಕು.

ಸೆಕೆಂಡ್‌ಹ್ಯಾಂಡ್ ಟೋಬಾರ್ ಸಿಕ್ಕರೆ? ಎರಡು ಕೀ, ರಿಸೀವರ್ ಮುಚ್ಚಳ, ಓದಲು ಬರುವ ಪ್ಲೇಟ್, ಕೂರಿಸುವ ಹಾಳೆ, ಈ ನಾಲ್ಕೂ ಇದ್ದರೆ ಮಾತ್ರ ನೋಡಿ. ಅಡ್ಡಕಂಬಿಯನ್ನು ಸಮತಟ್ಟಾದ ನೆಲದ ಮೇಲಿಟ್ಟು ಅಲ್ಲಾಡಿಸಿ. ಕುಲುಕಿದರೆ ಆ ಕಾರಿಗೆ ಹಿಂದಿನಿಂದ ಯಾರೋ ಗುದ್ದಿದ್ದಾರೆ. ಬೆಸುಗೆಯ ಪಕ್ಕದಲ್ಲಿ ಹೊಸ ಪೇಂಟ್ ಇದ್ದರೆ ಕೈಬಿಡಿ. ಬೇರೆ ಕಾರಿನ ಕತ್ತು ನಿಮ್ಮ ರಿಸೀವರಿಗೆ ಟಕ್ಕೆಂದು ಕೂತರೂ ನಂಬಬೇಡಿ, ಎರಡರ ಮೇಲಿನ ಟೈಪ್ ನಂಬರ್ ತಯಾರಕರ ಹಾಳೆಗೆ ಹೊಂದಿದರೆ ಮಾತ್ರ ಅವು ಜೋಡಿ. ಬೋಲ್ಟು, ನಟ್ಟು, ವಾಷರ್ ಎಲ್ಲವನ್ನೂ ಅದೇ ದರ್ಜೆಯ ಹೊಸದನ್ನು ತಂದು ಹಾಕಿ. ಒಮ್ಮೆ ಪೂರ್ತಿ ಬಿಗಿದ ಹಳೆಯವು ಪೆಟ್ಟಿಗೆಯಲ್ಲೇ ಇರಲಿ.